ಅರವತ್ತು ವರ್ಷದ ಕ್ಯಾಂಪ್

ಕುಶಾಲನಗರದಿಂದ ಬೈಲಕುಪ್ಪೆ ಕಡೆ ಆಟೋ ಹತ್ತಿದರೆ ಡ್ರೈವರ್ ಕೇಳುವುದು ಒಂದೇ ಪ್ರಶ್ನೆ: 'ಎಷ್ಟನೇ ಕ್ಯಾಂಪು?' ಅಲ್ಲಿ ಊರುಗಳಿಗೆ ನಂಬರ್ ಇದೆ. ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಆ ಕಡೆ ರಾಯಚೂರು ಜಿಲ್ಲೆಯ ಸಿಂಧನೂರಿಗೆ ಹೋಗಿ. ಅಲ್ಲೂ ಆರ್‌.ಎಚ್. (ಪುನರ್ವಸತಿ) ಕ್ಯಾಂಪ್ ಒಂದು, ಎರಡು, ಮೂರು. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು, ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ಬಂಗಾಳಿಗಳು. ಇಬ್ಬರೂ ಬಂದು ಅರ್ಧ ಶತಮಾನ ದಾಟಿದೆ. ಮೊಮ್ಮಕ್ಕಳು ಕನ್ನಡ ಮಾತಾಡುತ್ತಾರೆ. ವಿಳಾಸ ಮಾತ್ರ ಇನ್ನೂ ಕ್ಯಾಂಪ್.

ಕ್ಯಾಂಪ್ ಅಂದರೆ ನಾಲ್ಕು ದಿನ ಇದ್ದು ಹೋಗುವ ಜಾಗ. ಆ ಪದ ಉಳಿದುಕೊಂಡಿರುವುದು ಸುಮ್ನೆ ಬಾಯಿ ರೂಢಿ ಅನ್ನಿಸಬಹುದು. ಸಿಂಧನೂರು, ಗಂಗಾವತಿ ಕಡೆ ಆಂಧ್ರದಿಂದ ಬಂದ ರೈತರ ಹಳ್ಳಿಗಳಿಗೂ ಕ್ಯಾಂಪ್ ಅಂತಲೇ ಹೆಸರು, ನಿಜ. ಆದರೆ ನಿರಾಶ್ರಿತರ ವಿಷಯದಲ್ಲಿ ಹೆಸರು ಬರೀ ಹೆಸರಲ್ಲ. ಊರು ಬಿಟ್ಟು ಓಡಿಬಂದವನಿಗೆ ಮುಂದೆ ಏನು ಸಿಗುತ್ತದೆ ಎನ್ನುವುದು ಅವನು ಯಾವ ಕಷ್ಟದಿಂದ ಓಡಿಬಂದ ಎಂಬುದರ ಮೇಲೆ ನಿಂತಿಲ್ಲ. ಬಂದ ಕಡೆ ಸರ್ಕಾರ ಅವನ ಕಾಗದದ ಮೇಲೆ ಯಾವ ಪದ ಬರೆಯಿತು ಎಂಬುದರ ಮೇಲೆ ನಿಂತಿದೆ.

ಸಂಶೋಧಕ ರೋಜರ್ ಝೆಟ್ಟರ್ ಇದನ್ನು ಸೈಪ್ರಸ್‌ನಲ್ಲಿ ನೋಡಿದರು. 1974ರ ಯುದ್ಧದಲ್ಲಿ ಮನೆ ಕಳಕೊಂಡ ಗ್ರೀಕ್ ಸೈಪ್ರಿಯಟ್ಟರಿಗೆ ಸರ್ಕಾರ ಮನೆ ಕಟ್ಟಿಸಿಕೊಟ್ಟಿತು. ಮನೆ ಬೇಕಾದರೆ 'ನಿರಾಶ್ರಿತ' ಎಂಬ ಹಣೆಪಟ್ಟಿ ಬೇಕು. ಹಣೆಪಟ್ಟಿ ಉಳಿಯಬೇಕಾದರೆ ಸರ್ಕಾರ ಹೇಳಿದ ಹಾಗೆಯೇ ನಿರಾಶ್ರಿತರಾಗಿರಬೇಕು. ಒಂದು ಕಷ್ಟದ ಹೆಸರಾಗಿದ್ದ ಪದ ಕಚೇರಿಯ ಅಳತೆಗೋಲಾಯಿತು ಎಂದು ಅವರು 1991ರಲ್ಲಿ ಬರೆದರು. 2007ರಲ್ಲಿ ಮತ್ತೆ ಅದೇ ವಿಷಯಕ್ಕೆ ಬಂದರು. ಆಗ ಅವರು ಕಂಡಿದ್ದು ಬೇರೆ: ಸರ್ಕಾರಗಳು ಹೊಸಹೊಸ ಹೆಸರುಗಳನ್ನು ಹುಟ್ಟಿಸುತ್ತಿವೆ, 'ನಿರಾಶ್ರಿತ' ಎಂಬ ಹೆಸರು ಸಿಗುವವರು ಕಡಿಮೆಯಾಗುತ್ತಿದ್ದಾರೆ. ಸೈಪ್ರಸ್ ನಮಗೆ ದೂರ. ಆದರೆ ಈ ಮಾತು ಕರ್ನಾಟಕದ ಮೂರು ನಾಲ್ಕು ತಾಲ್ಲೂಕುಗಳನ್ನು ಸುತ್ತಿದರೆ ಕಣ್ಣಿಗೇ ಕಾಣುತ್ತದೆ.

ಮೊದಲು ಲೆಕ್ಕ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳಕೊಂಡವರು 12.32 ಕೋಟಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳುತ್ತದೆ. ಇವರಲ್ಲಿ 7.35 ಕೋಟಿ ಜನ ತಮ್ಮ ದೇಶದೊಳಗೇ ಅಲೆಯುತ್ತಿರುವವರು. ಗಡಿ ದಾಟಿ ನಿರಾಶ್ರಿತರಾದವರು 4.27 ಕೋಟಿ. ನಿರಾಶ್ರಿತರೆಲ್ಲ ಯುರೋಪು, ಅಮೆರಿಕಕ್ಕೆ ನುಗ್ಗುತ್ತಿದ್ದಾರೆ ಎಂದು ಟೀವಿ ನೋಡಿದವರಿಗೆ ಅನ್ನಿಸುತ್ತದೆ, ಅಲ್ವಾ? ಗಡಿ ದಾಟಿದವರಲ್ಲಿ ಶೇ. 67ರಷ್ಟು ಜನ ಪಕ್ಕದ ದೇಶದಲ್ಲೇ ನಿಂತಿದ್ದಾರೆ. ಶೇ. 73ರಷ್ಟು ಜನರನ್ನು ಸಾಕುತ್ತಿರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳು. ಅಂದರೆ ನಮ್ಮಂಥವು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 1967ರ ಪೂರಕ ಒಪ್ಪಂದಕ್ಕೂ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮದೇ ಒಂದು ಕಾನೂನೂ ಇಲ್ಲ. ಹಾಗಂತ ನಾವು ಬಾಗಿಲು ಹಾಕಿಕೊಂಡವರಲ್ಲ. ದೇಶ ವಿಭಜನೆಯ ಕಾಲದಿಂದ ಲಕ್ಷಗಟ್ಟಲೆ ಜನ ಬಂದರು, ಉಂಡರು, ಉಳಿದರು. ತೊಂದರೆ ಇರುವುದು ಬೇರೆ ಕಡೆ. ಪ್ರತಿ ಗುಂಪು ಬಂದಾಗಲೂ ಆವತ್ತಿನ ಸರ್ಕಾರ ಆವತ್ತಿನ ಮನಸ್ಸಿನಂತೆ ಒಂದು ತೀರ್ಮಾನ ಮಾಡಿತು. ಕರುಣೆ ಇತ್ತು, ನಿಯಮ ಇರಲಿಲ್ಲ.

ಆ ಕರುಣೆಯ ಅತಿ ಒಳ್ಳೆಯ ಉದಾಹರಣೆ ಬೈಲಕುಪ್ಪೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಹೊರಟರು. ಅವರ ಹಿಂದೆ ಹತ್ತಾರು ಸಾವಿರ ಜನ ಹಿಮಾಲಯ ದಾಟಿದರು. ಇವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದರು. ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟಿತು. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 2018ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ 'ಥ್ಯಾಂಕ್ಯೂ ಕರ್ನಾಟಕ' ಎಂಬ ಕಾರ್ಯಕ್ರಮವನ್ನೇ ಮಾಡಿದರು, ದಲೈ ಲಾಮಾ ಬಂದಿದ್ದರು.

ಕೊಟ್ಟ ಜಾಗ ಆಗ ಕಾಡು. ಹಿಮದ ನಾಡಿನಲ್ಲಿ ಯಾಕ್, ಕುರಿ ಮೇಯಿಸಿದ್ದ ಜನ ಇಲ್ಲಿಯ ಸೆಕೆಯಲ್ಲಿ ಮರ ಕಡಿದು, ಆನೆ ಕಾಟದ ನಡುವೆ ಮುಸುಕಿನ ಜೋಳ ಬೆಳೆಯಲು ಕಲಿತರು. ಬೇಸಾಯದಿಂದ ಹೊಟ್ಟೆ ತುಂಬದಾಗ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ನಮ್ಮಲ್ಲಿ ಎಷ್ಟೋ ಜನ ಟಿಬೆಟ್ ಎಂಬ ದೇಶವನ್ನು ಮೊದಲು ಕಂಡದ್ದು ಫುಟ್‌ಪಾತಿನ ಆ ಸ್ವೆಟರ್ ಅಂಗಡಿಗಳಲ್ಲಿ. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ನೆಲೆಗಳಾದವು. ಸೊಸೈಟಿ, ಶಾಲೆ, ಆಸ್ಪತ್ರೆ, ಮಠಗಳು ಎದ್ದು ನಿಂತವು. ಸುತ್ತಲಿನ ಹಳ್ಳಿಯವರಿಗೆ ಅಲ್ಲಿ ಕೆಲಸ ಸಿಕ್ಕಿತು. ಜಗತ್ತಿನ ಯಾವ ನಿರಾಶ್ರಿತರ ನೆಲೆಯ ಜೊತೆ ಹೋಲಿಸಿದರೂ ಇದು ಗೆದ್ದ ಕಥೆ. ಇದನ್ನು ಮನಸಾರೆ ಒಪ್ಪಬೇಕು, ಹೆಮ್ಮೆಯನ್ನೂ ಪಡಬೇಕು.

ಈಗ ಅದೇ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ ಹುಟ್ಟಿದ್ದು 1986ರಲ್ಲಿ, ತಂಗಿ 1988ರಲ್ಲಿ. ಟಿಬೆಟಿನಲ್ಲಿ ಹುಟ್ಟಿದ ಅದೇ ಅಪ್ಪ ಅಮ್ಮ, ಅದೇ ಆಸ್ಪತ್ರೆ, ಅದೇ ಶಾಲೆ. ಅಣ್ಣ ಭಾರತದ ಪ್ರಜೆ. ತಂಗಿ ವಿದೇಶಿ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ತಂಗಿಯ ಕೈಯಲ್ಲಿರುವುದು ಆರ್‌.ಸಿ. ಎಂಬ ನೋಂದಣಿ ಪುಸ್ತಕ. ಅದನ್ನು ಅವಧಿ ಮುಗಿಯುವ ಮೊದಲು ನವೀಕರಿಸುತ್ತಲೇ ಇರಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಇಲ್ಲ, ಹಳದಿ ಬಣ್ಣದ ಗುರುತಿನ ಪುಸ್ತಕ ಇದೆ. ವಿಮಾನ ನಿಲ್ದಾಣದಲ್ಲಿ ಅದನ್ನು ನೋಡಿದ ಅಧಿಕಾರಿ ಇದೇನು ಎಂದು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಹೋದರೆ ಸಾಲದು, ವಾಪಸ್ ಬರಲೂ ಮೊದಲೇ ಅನುಮತಿ ಬೇಕು.

ಅಣ್ಣನಿಗೂ ಪ್ರಜೆ ಎನ್ನುವುದು ಸುಲಭಕ್ಕೆ ಸಿಗಲಿಲ್ಲ. ಕಾನೂನಿನಲ್ಲಿ ಬರೆದದ್ದನ್ನು ಕೊಡಿಸಲು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಸರ್ಕಾರ ಒಪ್ಪಿತು. ಜೊತೆಗೆ ಷರತ್ತು ಬಂತು: ಆರ್‌.ಸಿ. ವಾಪಸ್ ಕೊಡಬೇಕು, ನೆಲೆಯಲ್ಲಿ ವಾಸ ಬಿಡಬೇಕು, ನಿರಾಶ್ರಿತರಿಗೆ ಸಿಗುವ ಸವಲತ್ತು ಬಿಡಬೇಕು. ಹುಟ್ಟಿದ ಮನೆ ಬೇಕೋ, ದೇಶ ಬೇಕೋ ಎಂದು ಕೇಳಿದ ಹಾಗೆ. ಝೆಟ್ಟರ್ ಹೇಳಿದ ಹಣೆಪಟ್ಟಿ ಇದೇ. ಇದ್ದರೆ ಜಾಗ ಉಂಟು, ಹಕ್ಕು ಇಲ್ಲ. ತೆಗೆದರೆ ಹಕ್ಕು ಉಂಟು, ಜಾಗ ಇಲ್ಲ. ಆ ಜಾಗವೂ ಸರ್ಕಾರದಿಂದ ಗುತ್ತಿಗೆಗೆ ಬಂದದ್ದು. ಬಡ್ಡಿಗೆ ಸಾಲ ತೆಗೆಯಲು ತೋರಿಸುವಂಥ ಸ್ವಂತ ಪಹಣಿ ಅವರ ಹೆಸರಲ್ಲಿಲ್ಲ. ಓದಿದ ಹುಡುಗರು ಕೆನಡಾ, ಅಮೆರಿಕ, ಫ್ರಾನ್ಸ್ ಕಡೆ ಹೋಗುತ್ತಿದ್ದಾರೆ. ಕ್ಯಾಂಪಿನ ಮನೆಗಳಲ್ಲಿ ವಯಸ್ಸಾದವರು ಉಳಿಯುತ್ತಿದ್ದಾರೆ.

ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ಕಥೆ ಇದಕ್ಕಿಂತ ಹಳೆಯದು, ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು. ಬ್ರಿಟಿಷರು ಕಾಫಿ, ಚಹಾ ತೋಟಗಳಿಗೆಂದು ತಮಿಳು ಕೂಲಿಗಳನ್ನು ಸಿಲೋನಿಗೆ ಕರಕೊಂಡು ಹೋದರು. ಅದು ಹತ್ತೊಂಬತ್ತನೇ ಶತಮಾನದ ಮಾತು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಒಂದು ಪೌರತ್ವ ಕಾಯ್ದೆ ತಂದು ಅವರಲ್ಲಿ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕೂತು ಹಂಚಿಕೊಂಡರು. ಒಟ್ಟು 9,75,000 ಜನ. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರ ಲೆಕ್ಕ ಆಮೇಲೆ ನೋಡೋಣ ಎಂದರು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅದನ್ನೂ ಸರಿಯಾಗಿ ಅರ್ಧರ್ಧ ಮಾಡಿದರು, 75,000 ನಿಮಗೆ, 75,000 ನಮಗೆ. ಅಡಿಕೆ ಮೂಟೆ ಪಾಲು ಮಾಡಿದ ಹಾಗೆ. ನಿಮಗೆ ಎಲ್ಲಿ ಇರಬೇಕು ಅನ್ನಿಸುತ್ತದೆ ಎಂದು ಆ ಕೂಲಿಗಳನ್ನು ಕೂರಿಸಿಕೊಂಡು ಮಾತಾಡಲಿಲ್ಲ.

ಹಾಗೆ ಬಂದವರಲ್ಲಿ ಕೆಲವು ಸಾವಿರ ಜನ ದಕ್ಷಿಣ ಕನ್ನಡದ ಕಾಡಿಗೆ ತಲುಪಿದರು. ಅರಣ್ಯ ಅಭಿವೃದ್ಧಿ ನಿಗಮ ರಬ್ಬರ್ ಹಾಕಿತ್ತು. ಬೆಳಗಿನ ಜಾವ ಎದ್ದು ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಸಿಕ್ಕಿತು, ಕ್ವಾರ್ಟರ್ಸ್ ಸಿಕ್ಕಿತು. ಟಿಬೆಟಿಯನ್ನರಿಗೆ ಸಿಗದ ಪೌರತ್ವ ಇವರಿಗೆ ಸಿಕ್ಕಿತು, ಯಾಕೆಂದರೆ ಇವರ ಕಾಗದದಲ್ಲಿ 'ನಿರಾಶ್ರಿತ' ಎಂದಿರಲಿಲ್ಲ, 'ಮರಳಿ ಬಂದವರು' ಎಂದಿತ್ತು. ಎಲ್ಲಿಗೆ ಮರಳಿದ್ದು? ಅವರಲ್ಲಿ ಬಹಳ ಜನ ಹುಟ್ಟಿದ್ದೇ ಸಿಲೋನಿನಲ್ಲಿ. ಸುಳ್ಯವನ್ನು ಅವರ ಅಜ್ಜನೂ ಕಂಡಿರಲಿಲ್ಲ. ಜಾತಿ ಪ್ರಮಾಣಪತ್ರ ಕೇಳಲು ಹೋದರೆ ಹಳೆಯ ದಾಖಲೆ ತನ್ನಿ ಎಂಬ ಉತ್ತರ. ದಾಖಲೆ ಸಮುದ್ರದ ಆಚೆ. ಮಕ್ಕಳ ಓದು, ವಿದ್ಯಾರ್ಥಿವೇತನ ಇದರಲ್ಲಿ ಸಿಕ್ಕಿಹಾಕಿಕೊಂಡಿತು.

1983ರ ಜುಲೈ ಗಲಭೆಯ ನಂತರ ಅದೇ ದ್ವೀಪದಿಂದ, ಅದೇ ಭಾಷೆಯ ಜನ ಮತ್ತೆ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದರು. ಈ ಸಲ ಹೆಸರು ಬೇರೆ, 'ಶ್ರೀಲಂಕಾ ನಿರಾಶ್ರಿತರು'. ಹೀಗಾಗಿ ಇವರಿಗೆ ಪೌರತ್ವ ಇಲ್ಲ. ತಮಿಳುನಾಡಿನ ನೂರಕ್ಕೂ ಹೆಚ್ಚು ಕ್ಯಾಂಪುಗಳಲ್ಲಿ ಇವತ್ತಿಗೂ 50 ಸಾವಿರಕ್ಕಿಂತ ಜಾಸ್ತಿ ಜನ ಇದ್ದಾರೆ. ಇವರ ನಡುವೆಯೂ ಮೂಲದಲ್ಲಿ ಚಹಾ ತೋಟದವರೇ ಆದ ಕುಟುಂಬಗಳಿವೆ. ಒಪ್ಪಂದದ ಹಡಗಿನಲ್ಲಿ ಬಂದಿದ್ದರೆ ಪ್ರಜೆಗಳು, ಗಲಭೆಯ ದೋಣಿಯಲ್ಲಿ ಬಂದಿದ್ದಕ್ಕೆ ವಿದೇಶಿಗಳು. 2021ರಲ್ಲಿ ತಮಿಳುನಾಡು ಸರ್ಕಾರ ನಿರಾಶ್ರಿತರ ಕ್ಯಾಂಪನ್ನು ಪುನರ್ವಸತಿ ಕ್ಯಾಂಪ್ ಎಂದು ಕರೆಯಿತು. ಪದ ಮೆತ್ತಗಾಯಿತು. ಕ್ಯಾಂಪ್ ಉಳಿಯಿತು.

2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಪಟ್ಟಿಯಲ್ಲಿ ಇವರಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಕೊನೆಯ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ ಅದು. ಲಂಕೆಯ ಹಿಂದೂ ಇಲ್ಲ. ಟಿಬೆಟಿನ ಬೌದ್ಧ ಇಲ್ಲ. ಯಾವ ಧರ್ಮ ಎಂಬುದರ ಜೊತೆಗೆ ಯಾವ ದೇಶದಿಂದ ಎಂಬುದೂ ಸೇರಿಕೊಂಡಿತು. ಜೀವಕ್ಕೆ ಎಷ್ಟು ಅಪಾಯ ಇತ್ತು ಎಂಬ ಪ್ರಶ್ನೆ ಅದರಲ್ಲಿ ಬರುವುದೇ ಇಲ್ಲ. ಸಿಂಧನೂರಿನ ಕ್ಯಾಂಪುಗಳ ಬಂಗಾಳಿ ಕುಟುಂಬಗಳಲ್ಲಿ ಕೆಲವರಿಗೆ 2024ರಲ್ಲಿ ಇದೇ ಕಾಯ್ದೆಯಡಿ ಪ್ರಮಾಣಪತ್ರ ಬಂತು. ಅವರಿಗೆ ಸಿಕ್ಕಿದ್ದು ನನಗೆ ನಿಜಕ್ಕೂ ಸಂತೋಷ. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ಬದುಕಿದ ಆ ಜನ ಇಷ್ಟು ವರ್ಷ ಕಾದರು. ಆದರೆ ಅದೇ ಕಾಯುವಿಕೆಗೆ ಲಂಕಾ ತಮಿಳರಿರುವ ತಮಿಳುನಾಡಿನ ಮಂಡಪಂ ಕ್ಯಾಂಪಿನಲ್ಲಿ ಬೇರೆ ಬೆಲೆ ಯಾಕೆ?

2025ರ ಮೇ ತಿಂಗಳಲ್ಲಿ ಒಬ್ಬ ಲಂಕಾ ತಮಿಳನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಶಿಕ್ಷೆ ಮುಗಿಸಿದವನು, ವಾಪಸ್ ಕಳಿಸಿದರೆ ಜೀವಕ್ಕೆ ಅಪಾಯ ಎಂದು ಕೇಳಿಕೊಂಡಿದ್ದ. ಭಾರತ ಧರ್ಮಶಾಲೆಯಲ್ಲ ಎಂದು ಪೀಠ ಹೇಳಿತು. ಈ ಮಾತನ್ನು ಬಹಳ ಜನ ಮೆಚ್ಚಿದರು. ನಾನೂ ಇದರ ಬಗ್ಗೆ ಬಹಳ ಯೋಚಿಸಿದೆ. ಧರ್ಮಶಾಲೆಯಲ್ಲಿ ಯಾರನ್ನು ಒಳಗೆ ಬಿಡಬೇಕು ಎಂದು ಮ್ಯಾನೇಜರ್ ತೀರ್ಮಾನ ಮಾಡುತ್ತಾನೆ. ನಾವು ಇಷ್ಟು ವರ್ಷ ನಡೆಸಿದ್ದು ಅದನ್ನೇ. ಧರ್ಮಶಾಲೆ ಬೇಡ ಎನ್ನುವುದಾದರೆ ಅದರ ಜಾಗದಲ್ಲಿ ಇರಬೇಕಾದದ್ದು ಕಾನೂನು.

ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ರೋಹಿಂಗ್ಯಾಗಳನ್ನು ನೋಡಬೇಕು. ಮ್ಯಾನ್ಮಾರ್ 1982ರ ಕಾಯ್ದೆಯಿಂದ ಅವರನ್ನು ಪೌರತ್ವದಿಂದ ಹೊರಗಿಟ್ಟಿತು. 2017ರ ಆಗಸ್ಟ್ 25ರ ನಂತರ ಸೇನೆಯ ದಾಳಿಗೆ 7 ಲಕ್ಷಕ್ಕಿಂತ ಜಾಸ್ತಿ ಜನ ಬಾಂಗ್ಲಾದೇಶಕ್ಕೆ ಓಡಿದರು. ಭಾರತದಲ್ಲಿ ವಿಶ್ವಸಂಸ್ಥೆಯ ಕಾರ್ಡ್ ಇರುವ ರೋಹಿಂಗ್ಯಾಗಳು 20 ಸಾವಿರದ ಆಚೀಚೆ. ಬೆಂಗಳೂರಿನ ಅಂಚಿನಲ್ಲಿ ಕಸ ಆಯ್ದು ಬದುಕುವ ಕುಟುಂಬಗಳೂ ಇದರಲ್ಲಿವೆ. ನಮ್ಮ ಸರ್ಕಾರದ ಕಣ್ಣಲ್ಲಿ ಆ ಕಾರ್ಡಿಗೆ ಬೆಲೆ ಇಲ್ಲ. ಅವರಿಗಿರುವ ಹೆಸರು 'ಅಕ್ರಮ ವಲಸಿಗ'.

1996ರಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ಪ್ರಜೆಗಳಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಎಲ್ಲರಿಗೂ ಇದೆ ಎಂದಿತ್ತು. 2021ರ ಏಪ್ರಿಲಿನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಅದೇ ಕೋರ್ಟ್ ಜೀವದ ಹಕ್ಕು ಎಲ್ಲರಿಗೂ ಇದೆ, ಆದರೆ ಗಡಿಪಾರು ಆಗದಿರುವ ಹಕ್ಕು ಪ್ರಜೆಗಳಿಗೆ ಮಾತ್ರ ಎಂದಿತು. ಕ್ರಮ ಪ್ರಕಾರ ಕಳಿಸಬಹುದು ಎಂದಿತು. ಅದಾಗಿ ಒಂದು ತಿಂಗಳಿಗೆ ಮಣಿಪುರ ಹೈಕೋರ್ಟ್ ಮ್ಯಾನ್ಮಾರಿನಿಂದ ಬಂದ ಪತ್ರಕರ್ತರ ವಿಷಯದಲ್ಲಿ, ಅಪಾಯವಿರುವಲ್ಲಿಗೆ ಅಟ್ಟದಿರುವುದು ಜೀವದ ಹಕ್ಕಿನ ಒಳಗೇ ಬರುತ್ತದೆ ಎಂದಿತು. ಅದೇ ಮ್ಯಾನ್ಮಾರ್, ಅದೇ ಸಂವಿಧಾನ. ಮಿಜೋರಾಂ ಸರ್ಕಾರವಂತೂ 2021ರ ಸೇನಾ ದಂಗೆಯ ನಂತರ ಬಂದ ಚಿನ್ ಜನರನ್ನು ತಡೆಯಿರಿ ಎಂದು ಕೇಂದ್ರ ಹೇಳಿದರೂ, ಇವರು ನಮ್ಮ ರಕ್ತ ಸಂಬಂಧಿಗಳು ಎಂದು ಒಳಗೆ ಬಿಟ್ಟುಕೊಂಡಿತು. ನೆಂಟರಿದ್ದವರು ಬದುಕಿದರು.

ಭದ್ರತೆಯ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಯಾರು ಬಂದಿದ್ದಾರೆ ಎಂದು ಸರ್ಕಾರಕ್ಕೆ ಗೊತ್ತಿರಬೇಕು. ಆದರೆ ಹೆದರಿ ಅಡಗಿಕೊಂಡವರ ಲೆಕ್ಕ ಯಾರಿಗೂ ಸಿಗುವುದಿಲ್ಲ. ನೋಂದಣಿ ಮಾಡಿಸಿದರೆ ಹಿಡಿದುಹಾಕುವುದಿಲ್ಲ ಎಂಬ ನಂಬಿಕೆ ಇದ್ದರೆ ಜನ ತಾವಾಗಿ ಬಂದು ಹೆಸರು ಬರೆಸುತ್ತಾರೆ. ಕೊಲಂಬಿಯಾದಲ್ಲಿ ಹಾಗೇ ಆಯಿತು. 2018ರಲ್ಲಿ ಆ ಸರ್ಕಾರ ವೆನೆಜುವೆಲಾದಿಂದ ಬಂದ, ಕಾಗದ ಇಲ್ಲದ ಜನರಿಗೆ ಹೆಸರು ಬರೆಸಿ ಎಂದಿತು. ಸುಮಾರು 4.4 ಲಕ್ಷ ಜನ ಬರೆಸಿದರು. ಅವರಿಗೆ ಕೆಲಸ ಮಾಡುವ ಪರವಾನಗಿ ಕೊಡುವ ದಾರಿ ತೆರೆಯಿತು. ಇದರಿಂದ ಕೊಲಂಬಿಯಾದವರ ಕೆಲಸ ಹೋಯಿತಾ ಎಂದು ಡ್ಯಾನಿ ಬಹರ್, ಆನಾ ಮರಿಯಾ ಇಬಾನ್ಯೆಜ್, ಸಾಂಡ್ರಾ ರೋಜೊ ಲೆಕ್ಕ ಹಾಕಿದರು. ಸ್ಥಳೀಯರ ನೌಕರಿಯ ಮೇಲೆ ಆದ ಪರಿಣಾಮ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದು. ಕಾಗದ ಸಿಕ್ಕಿದವರ ಮನೆಯ ಆದಾಯ, ಊಟ ತಿಂಡಿಗೆ ಮಾಡುವ ಖರ್ಚು ಏರಿದ್ದನ್ನು ಆಮೇಲಿನ ಅಧ್ಯಯನ ತೋರಿಸಿತು. 2021ರಲ್ಲಿ ಕೊಲಂಬಿಯಾ ಇದನ್ನು 10 ವರ್ಷದ ರಕ್ಷಣೆಯಾಗಿ ಹಿಗ್ಗಿಸಿತು. ಅದು ಶ್ರೀಮಂತ ದೇಶ ಅಲ್ಲ.

ಇಲ್ಲಿ ಒಂದು ಮಾತು ಬರುತ್ತದೆ, ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮವರಿಗೇ ಜಾಗ ಇಲ್ಲ, ಹೊರಗಿನವರ ಚಿಂತೆ ಯಾಕೆ? ಸಾಗರ, ಹೊಸನಗರದ ಕಡೆ ಈ ಮಾತಿಗೆ ತೂಕ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿತು. ಅಡಿಕೆ ತೋಟ, ಗದ್ದೆ, ದೇವಸ್ಥಾನ ಮುಳುಗಿದವು. ಜನರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಇಳಿಸಿದರು. ಅವರಿಗೆ ಇವತ್ತೂ 'ಮುಳುಗಡೆಯವರು' ಎಂದೇ ಹೆಸರು. ಕೊಟ್ಟ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಸರ್ಕಾರ ಎಷ್ಟೋ ವರ್ಷದ ಮೇಲೆ ಅದನ್ನು ಅರಣ್ಯದಿಂದ ಬಿಡಿಸಿ ಆದೇಶ ಮಾಡಿತು. ಕೇಂದ್ರದ ಒಪ್ಪಿಗೆ ಪಡೆಯದ ಕಾರಣಕ್ಕೆ ಆ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದುಹೋದವು. ಮೂರನೇ ತಲೆಮಾರಿಗೆ ಹಕ್ಕುಪತ್ರದ ಚಿಂತೆ.

ಸಮಾಜಶಾಸ್ತ್ರಜ್ಞ ಮೈಕೆಲ್ ಸರ್ನಿಯಾ ಅಣೆಕಟ್ಟುಗಳಿಗೆ ನೆಲೆ ಕಳಕೊಂಡವರು ಹೇಗೆ ಬಡವರಾಗುತ್ತಾರೆ ಎಂದು ಎಂಟು ನಷ್ಟಗಳನ್ನು ಗುರುತಿಸಿದರು. ನೆಲ, ಕೆಲಸ, ಮನೆ ಹೋಗುವುದು ನಮಗೆಲ್ಲ ಗೊತ್ತಾಗುವಂಥದ್ದು. ಆ ಎಂಟರಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಎರಡು ಇವೆ. ಒಂದು, ಊರಿಗೆಲ್ಲ ಸೇರಿದ ಜಾಗ ಹೋಗುವುದು. ಮಲೆನಾಡಿನವರಿಗೆ ಅದು ಸೊಪ್ಪಿನ ಬೆಟ್ಟ, ಗೋಮಾಳ. ಇನ್ನೊಂದು, ಅಕ್ಕಪಕ್ಕದವರು ಚದುರಿಹೋಗುವುದು. ಹೆರಿಗೆಗೆ, ಸಾವಿಗೆ, ಕೊನೆಕೊಯ್ಲಿಗೆ ಕರೆದರೆ ಬರುತ್ತಿದ್ದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಈ ಎಂಟೂ ನಷ್ಟವನ್ನು ಟಿಬೆಟಿಯನ್ನನ ಮೇಲಿಟ್ಟು ನೋಡಿ, ಲಂಕಾ ತಮಿಳನ ಮೇಲಿಟ್ಟು ನೋಡಿ. ಹಾಗೆ ಹಾಗೇ ಕೂರುತ್ತದೆ.

ಚಕ್ಮಾ ಜನರ ಕಥೆಯಲ್ಲಿ ಈ ಎರಡು ದಾರಿಗಳು ಕೂಡುತ್ತವೆ. ಪೂರ್ವ ಪಾಕಿಸ್ತಾನ ಕರ್ಣಫುಲಿ ನದಿಗೆ ಕಾಪ್ಟಾಯಿ ಅಣೆಕಟ್ಟು ಕಟ್ಟಿತು. ಅದು ಮುಗಿದದ್ದು 1962ರಲ್ಲಿ, ಲಿಂಗನಮಕ್ಕಿಗಿಂತ ಎರಡು ವರ್ಷ ಮೊದಲು. ಸುಮಾರು 1 ಲಕ್ಷ ಜನರ ಮನೆ ಹೊಲ ಮುಳುಗಿತು. ಅವರಲ್ಲಿ ಸಾವಿರಾರು ಜನ 1964ರಲ್ಲಿ ಗಡಿ ದಾಟಿ ಭಾರತಕ್ಕೆ ಬಂದರು. ಇಲ್ಲಿ ಮುಳುಗಿದವನು ಸಂತ್ರಸ್ತ, ಅಲ್ಲಿ ಮುಳುಗಿ ಗಡಿ ದಾಟಿದವನು ವಿದೇಶಿ. ನೀರು ಇಬ್ಬರ ಮನೆಗೂ ಒಂದೇ ಥರ ನುಗ್ಗಿತು. ಅರುಣಾಚಲದಲ್ಲಿ ನೆಲೆಸಿದ ಆ ಚಕ್ಮಾಗಳಿಗೆ ಪೌರತ್ವ ಕೊಡಿ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಮೂರು ತಿಂಗಳ ಗಡುವು ಕೊಟ್ಟಿತು. ಗಡುವು ಮುಗಿದು ಎಷ್ಟೋ ವರ್ಷವಾಯಿತು. ಮುಳುಗಡೆಯವರಿಗೆ ಹಕ್ಕುಪತ್ರ ಕೊಡದಿರುವ ಕೈಯೂ ಚಕ್ಮಾಗೆ ಪೌರತ್ವ ಕೊಡದಿರುವ ಕೈಯೂ ಬೇರೆ ಬೇರೆಯಲ್ಲ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ ಎಂಬುದಕ್ಕೆ ಈ ಅರವತ್ತು ವರ್ಷದಲ್ಲಿ ಸಾಕ್ಷಿ ಇಲ್ಲ. ಇಬ್ಬರಿಗೂ ಕೊಟ್ಟಿಲ್ಲ.

2025ರಲ್ಲಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು. ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ನಿರಾಶ್ರಿತ ಯಾರು ಎಂದು ಹೇಳಲು ಅದು ಒಳ್ಳೆಯ ಅವಕಾಶವಾಗಿತ್ತು. ಕಾಯ್ದೆ ಅದನ್ನು ಹೇಳಲಿಲ್ಲ. ಅದರ ಬದಲು ಒಂದು ವಿನಾಯಿತಿ ಆದೇಶ ಬಂತು: 1959ರಿಂದ 2003ರ ಮೇ 30ರ ಒಳಗೆ ಬಂದು ನೋಂದಾಯಿಸಿಕೊಂಡ ಟಿಬೆಟಿಯನ್ನರಿಗೆ, 2015ರ ಜನವರಿ 9ರವರೆಗೆ ಆಶ್ರಯ ಪಡೆದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ, 2024ರ ಕೊನೆಯವರೆಗೆ ಬಂದ ಮೂರು ದೇಶಗಳ ಅಲ್ಪಸಂಖ್ಯಾತರಿಗೆ ದಾಖಲೆ ಇಲ್ಲ ಎಂಬ ಕಾರಣಕ್ಕೆ ಶಿಕ್ಷೆ ಇಲ್ಲ. ಜೈಲಿನ ಭಯ ಹೋಯಿತು, ಅದು ಸಣ್ಣ ಸಮಾಧಾನವೇನಲ್ಲ. ಆದರೆ ಆದೇಶ ಹೊರಡಿಸಿದವರು ಅದನ್ನು ವಾಪಸ್ ಪಡೆಯಲೂ ಬಹುದು.

ಒಂದು ನಿರಾಶ್ರಿತರ ಕಾನೂನಿನಲ್ಲಿ ಇರಬೇಕಾದದ್ದು ಜಾಸ್ತಿ ಏನಲ್ಲ. ಬಂದವನು ಯಾರ ಮುಂದೆ ಅರ್ಜಿ ಹಾಕಬೇಕು, ಅವರು ಎಷ್ಟು ದಿನದಲ್ಲಿ ತೀರ್ಮಾನ ಹೇಳಬೇಕು, ಇಲ್ಲ ಎಂದರೆ ಎಲ್ಲಿ ಮೇಲ್ಮನವಿ ಹಾಕಬೇಕು. ತೀರ್ಮಾನ ಆಗುವ ತನಕ ಕೆಲಸ ಮಾಡಬಹುದಾ, ಮಕ್ಕಳು ಶಾಲೆಗೆ ಹೋಗಬಹುದಾ. ಕೊಲ್ಲುವವರ ಕೈಗೆ ವಾಪಸ್ ಕೊಡುವುದಿಲ್ಲ ಎಂಬ ಮಾತು. ಎಷ್ಟು ವರ್ಷ ಇದ್ದ ಮೇಲೆ ಪೌರತ್ವ ಕೇಳಬಹುದು ಎಂಬ ಒಂದು ಲೆಕ್ಕ. ಸಂಸತ್ತಿನಲ್ಲಿ ಶಶಿ ತರೂರ್ ಖಾಸಗಿ ಮಸೂದೆಯಾಗಿ ಇಂಥದ್ದೊಂದನ್ನು ತಂದಿದ್ದರು, ಅದು ಮುಂದೆ ಹೋಗಲಿಲ್ಲ.

ಬೈಲಕುಪ್ಪೆಯ ಆ ತಂಗಿಗೆ ಈಗ ಮೂವತ್ತೇಳು, ಮೂವತ್ತೆಂಟು ವರ್ಷ. ಅವಳಿಗೆ ಮಗು ಹುಟ್ಟಿದ್ದರೆ, ಅದರ ಅಪ್ಪನೂ ಆರ್‌.ಸಿ. ಹಿಡಿದವನಾಗಿದ್ದರೆ, ಆ ಮಗುವೂ ವಿದೇಶಿ. ಅಜ್ಜಿ ನಡೆದುಕೊಂಡು ಹಿಮಾಲಯ ದಾಟಿದಳು. ಮೊಮ್ಮಗಳು ಕುಶಾಲನಗರದ ಆಚೆ ಎಲ್ಲಿಗೂ ಹೋಗಿಲ್ಲ. ಶಾಲೆಯ ಫಾರ್ಮಿನಲ್ಲಿ ರಾಷ್ಟ್ರೀಯತೆ ಎಂಬ ಖಾನೆ ಬಂದಾಗ ಟೀಚರ್ ಅವಳನ್ನು ಕೇಳುತ್ತಾರೆ, 'ಏನು ಬರೀಲಿ ಪುಟ್ಟಿ?'